ಬರಹಗಾರರಿಗೆ ಸಲಹೆ: ಹೊಗಳಿಕೆ ಸಾಕು, ಹೇಗೆ ಗೊತ್ತಾಯಿತು ಅಂತ ಹೇಳಿ

ಪ್ರಿಯ ಲೇಖಕಿಯವರಿಗೆ ನಮಸ್ಕಾರ.

ಅಮೆರಿಕದ ತಳಿವಿಜ್ಞಾನಿ ಮೇರಿ-ಕ್ಲೇರ್ ಕಿಂಗ್ ಬಗ್ಗೆ ನೀವು ಕಳಿಸಿದ ‘ಕ್ಯಾನ್ಸರ್ ಜೀನ್ ಹಿಡಿದ ಛಲಗಾತಿ’ ಲೇಖನವನ್ನು ನಿಧಾನವಾಗಿ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಈ ವಿಷಯ ಕನ್ನಡದಲ್ಲಿ ಬರಲೇಬೇಕು, ನೀವೇ ಬರೆಯಬೇಕು ಅಂತ ನನ್ನ ಆಸೆ. ನಿಮ್ಮ ವಾಕ್ಯಗಳಲ್ಲಿ ಓಟ ಇದೆ. ಅದಕ್ಕೇ ಇಷ್ಟು ಉದ್ದದ ಉತ್ತರ.

ನನ್ನ ದೊಡ್ಡ ತಕರಾರು ಇದು. ಲೇಖನದ ತುಂಬ ಛಲ, ತಪಸ್ಸು, ಅಪ್ರತಿಮ ಸಾಧನೆ ಎಲ್ಲ ಇದೆ. ಅವರು ಮಾಡಿದ್ದೇನು ಅನ್ನುವುದು ಮಾತ್ರ ಇಲ್ಲ. ‘ವರ್ಷಗಟ್ಟಲೆ ಶ್ರಮಿಸಿ 1990ರಲ್ಲಿ ಜೀನ್ ಪತ್ತೆ ಮಾಡಿದರು’ ಎಂದು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಹೇಗೆ ಪತ್ತೆ ಮಾಡಿದರು? ಓದುಗರಿಗೆ ಬೇಕಾಗಿರುವುದು ಅದೇ ಅಲ್ವಾ?

ಕಷ್ಟ ಎಲ್ಲಿತ್ತು ಅಂತ ಮೊದಲು ಹೇಳಿ. ಸ್ತನ ಕ್ಯಾನ್ಸರ್ ಅಪರೂಪದ ಕಾಯಿಲೆ ಅಲ್ಲ. ಒಂದೇ ಮನೆಯಲ್ಲಿ ಅಮ್ಮ, ದೊಡ್ಡಮ್ಮ ಇಬ್ಬರಿಗೂ ಬಂದಿದ್ದರೆ ಅದು ಬರೀ ಕಾಕತಾಳೀಯವೂ ಇರಬಹುದು. 1970ರ ದಶಕದಲ್ಲಿ ಕಿಂಗ್ ಈ ಕೆಲಸಕ್ಕೆ ಕೈಹಾಕಿದಾಗ, ಇಂಥ ಗೋಜಲು ಕಾಯಿಲೆಯ ಹಿಂದೆ ಒಂದು ಜೀನ್ ಇರಬಹುದು ಅಂದರೆ ನಂಬುವವರು ಕಡಿಮೆ ಇದ್ದರು. ಎಲ್ಲ ಸ್ತನ ಕ್ಯಾನ್ಸರಿಗೂ ಅದೇ ಕಾರಣ ಅಂತ ಅವರೂ ಹೇಳಲಿಲ್ಲ. 1988ರಲ್ಲಿ ಅವರ ತಂಡ 1,579 ಕುಟುಂಬಗಳ ಮಾಹಿತಿಯನ್ನು ಲೆಕ್ಕ ಹಾಕಿತು. ಸುಮಾರು ಶೇ. 4ರಷ್ಟು ಕುಟುಂಬಗಳಲ್ಲಿ ಮಾತ್ರ ಕಾಯಿಲೆ ಒಂದು ಪ್ರಬಲ ಜೀನ್‌ನಿಂದ ಇಳಿದು ಬರುತ್ತಿರುವಂತೆ ಕಂಡಿತು. ಅಂಥ ಕುಟುಂಬಗಳನ್ನು ಉಳಿದವುಗಳಿಂದ ಬೇರೆ ಮಾಡುವುದು ಹೇಗೆ?

ನಿಮ್ಮ ಲೇಖನದ ಜೀವ ಇಲ್ಲಿದೆ. ಅವರ ಮುಂದೆ 23 ದೊಡ್ಡ ಕುಟುಂಬಗಳಿದ್ದವು, ಅವುಗಳಲ್ಲಿ 146 ಸ್ತನ ಕ್ಯಾನ್ಸರ್ ಪ್ರಕರಣಗಳು. ಡಿಎನ್‌ಎಯ ಕೆಲವು ಜಾಗಗಳನ್ನು ಗುರುತಾಗಿ ಇಟ್ಟುಕೊಂಡು, ಒಂದು ಮನೆಯಲ್ಲಿ ರೋಗ ಬಂದವರಿಗೆಲ್ಲ ಒಂದೇ ಗುರುತು ಬಂದಿದೆಯಾ ಎಂದು ನೋಡುವುದು ಕೆಲಸ. 17ನೇ ಕ್ರೋಮೋಸೋಮಿನ ಒಂದು ಗುರುತು ಕೆಲವು ಮನೆಗಳಲ್ಲಿ ರೋಗದ ಜೊತೆ ಹೊಂದುತ್ತಿತ್ತು, ಕೆಲವು ಮನೆಗಳಲ್ಲಿ ಹೊಂದುತ್ತಿರಲಿಲ್ಲ. ಎಲ್ಲವನ್ನೂ ಒಟ್ಟು ಸೇರಿಸಿದರೆ ಏನೂ ಸ್ಪಷ್ಟವಾಗುತ್ತಿರಲಿಲ್ಲ. ಕಾಯಿಲೆ ಬಂದ ಸರಾಸರಿ ವಯಸ್ಸಿನ ಪ್ರಕಾರ ಕುಟುಂಬಗಳನ್ನು ಸಾಲಾಗಿ ಜೋಡಿಸಿದಾಗ ವಿಷಯ ಬಿಚ್ಚಿಕೊಂಡಿತು. ಚಿಕ್ಕ ವಯಸ್ಸಿನಲ್ಲೇ ರೋಗ ಬಂದ ಮೊದಲ ಏಳು ಕುಟುಂಬಗಳಲ್ಲಿ ಆ ಗುರುತು ಮತ್ತು ರೋಗ ಜೊತೆಯಾಗಿ ಇಳಿದು ಬಂದಿದ್ದವು. ವಯಸ್ಸಾದ ಮೇಲೆ ರೋಗ ಬಂದ ಮನೆಗಳಲ್ಲಿ ಆ ನಂಟು ಇರಲಿಲ್ಲ.

ಆ ಏಳು ಕುಟುಂಬಗಳ ‘ಲಾಡ್’ ಅಂಕ 5.98. ನೀವು ಈ ಸಂಖ್ಯೆಯನ್ನು ಕೊಟ್ಟು ಸುಮ್ನೆ ಮುಂದೆ ಹೋಗಿದ್ದೀರಿ. ಬಿಡಿಸಿ ಹೇಳಿ: ಲಾಡ್ ಅಂಕ 6 ಅಂದರೆ ಹತ್ತನ್ನು ಆರು ಸಲ ಗುಣಿಸಿದಷ್ಟು, ಅಂದರೆ ಹತ್ತು ಲಕ್ಷ. ಆ ಗುರುತಿನ ಪಕ್ಕದಲ್ಲಿ ರೋಗದ ಜೀನ್ ಇದೆ ಎಂದುಕೊಂಡರೆ ಇಂಥ ಫಲಿತಾಂಶ ಸಿಗುವ ಸಾಧ್ಯತೆ, ಇಲ್ಲ ಎಂದುಕೊಂಡರೆ ಇರುವುದಕ್ಕಿಂತ ಸುಮಾರು ಹತ್ತು ಲಕ್ಷ ಪಟ್ಟು ಜಾಸ್ತಿ. ಈ ಭಾಗಕ್ಕೆ ಎಷ್ಟು ಜಾಗ ಬೇಕೋ ಅಷ್ಟು ತೆಗೆದುಕೊಳ್ಳಿ. ವಯಸ್ಸಿನ ಪ್ರಕಾರ ಜೋಡಿಸುವುದು ಹೈಸ್ಕೂಲ್ ಹುಡುಗಿಗೂ ಅರ್ಥವಾಗುವ ಯೋಚನೆ. ಅದನ್ನು ಓದಿದ ಹುಡುಗಿಗೆ ವಿಜ್ಞಾನ ತನಗೂ ಸಾಧ್ಯ ಅನ್ನಿಸುತ್ತದೆ. ‘ಅಪ್ರತಿಮ’ ಅಂತ ಓದಿದರೆ ಹಾಗೆ ಅನ್ನಿಸುವುದಿಲ್ಲ.

ಒಂದು ತಿದ್ದುಪಡಿ ಕಡ್ಡಾಯ. 1990ರಲ್ಲಿ ಕಿಂಗ್ ತೋರಿಸಿದ್ದು ಜೀನ್ ಇರುವ ಜಾಗವನ್ನು. ಬಿಆರ್‌ಸಿಎ1 ಎಂದು ಕರೆಯುವ ಆ ಜೀನನ್ನೇ ಬೇರ್ಪಡಿಸಿದ್ದು 1994ರಲ್ಲಿ, ಅಮೆರಿಕದ ಯೂಟಾ ರಾಜ್ಯದ ಮಾರ್ಕ್ ಸ್ಕಾಲ್ನಿಕ್ ಅವರ ತಂಡ. ಇದನ್ನು ಹೇಳಿದರೆ ಕಿಂಗ್ ಅವರ ಹಿರಿಮೆ ಕಡಿಮೆಯಾಗುವುದಿಲ್ಲ. ಅಂಥ ಜೀನ್ ಇದೆ ಎಂದು ನಂಬಿಸಿದ್ದೇ ಅವರ ಕೆಲಸ.

ಹಾಲಿವುಡ್ ನಟಿ ಆಂಜೆಲಿನಾ ಜೋಲಿ ಕಥೆಯನ್ನು ಆರಂಭದಿಂದ ತೆಗೆಯಿರಿ. 2013ರ ಮೇ ತಿಂಗಳಲ್ಲಿ ಜೋಲಿ, ಬಿಆರ್‌ಸಿಎ1ನಲ್ಲಿ ದೋಷ ಇದ್ದದ್ದರಿಂದ ಮುನ್ನೆಚ್ಚರಿಕೆಯಾಗಿ ಸ್ತನ ತೆಗೆಸಿಕೊಂಡ ಶಸ್ತ್ರಚಿಕಿತ್ಸೆಯ ಬಗ್ಗೆ ಬರೆದಾಗ, ಅಮೆರಿಕದಲ್ಲಿ ಆ ದೋಷ ಹುಡುಕುವ ಪರೀಕ್ಷೆಗೆ 3,000 ಡಾಲರ್‌ಗೂ ಹೆಚ್ಚು ಖರ್ಚಾಗುತ್ತದೆ ಎಂದಿದ್ದರು. ಆ ಮಾತು ಮಾತ್ರ ಉಳಿಸಿಕೊಳ್ಳಿ. ಬೆಲೆ ಅಷ್ಟಿರಲು ಒಂದು ಕಾರಣ, ಆಗ ಜೀನ್ ಮೇಲೆ ಒಂದು ಕಂಪನಿಗೆ ಪೇಟೆಂಟ್ ಇತ್ತು. ಅದೇ ಜೂನ್‌ನಲ್ಲಿ, ಪ್ರಕೃತಿಯಲ್ಲಿ ಇರುವ ಡಿಎನ್‌ಎಗೆ ಪೇಟೆಂಟ್ ಇಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಇವೆರಡನ್ನೂ ಜೊತೆಗಿಟ್ಟರೆ ಒಂದು ಒಳ್ಳೆಯ ಪ್ಯಾರಾ ಆಗುತ್ತದೆ.

ಇನ್ನು ನನಗೆ ನಿಜಕ್ಕೂ ಬೇಸರ ತಂದ ಸಾಲುಗಳು. ‘ಈ ಜೀನ್ ಇದ್ದವರಿಗೆ ಕ್ಯಾನ್ಸರ್ ತಪ್ಪಿದ್ದಲ್ಲ, ಅದು ಹಣೆಬರಹ’ ಎಂದು ಬರೆದಿದ್ದೀರಿ. ಬಿಆರ್‌ಸಿಎ1 ಎಲ್ಲರಲ್ಲೂ ಇದೆ. ಮುರಿದ ಡಿಎನ್‌ಎಯನ್ನು ರಿಪೇರಿ ಮಾಡಲು ನೆರವಾಗುವುದು ಅದರ ಕೆಲಸ. ಅಪ್ಪನಿಂದ ಒಂದು, ಅಮ್ಮನಿಂದ ಒಂದು ಎಂದು ಅದರ ಎರಡು ಪ್ರತಿಗಳು ನಮಗೆ ಬರುತ್ತವೆ; ತೊಂದರೆ ಇರುವುದು ಅವುಗಳಲ್ಲಿ ಒಂದರಲ್ಲಿ ಹುಟ್ಟಿನಿಂದಲೇ ದೋಷ ಇದ್ದಾಗ. 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಪ್ರಕಾರ, ಅಂಥ ಮಹಿಳೆಯರಲ್ಲಿ 80 ವರ್ಷದೊಳಗೆ ನೂರಕ್ಕೆ ಸುಮಾರು 72 ಜನರಿಗೆ ಸ್ತನ ಕ್ಯಾನ್ಸರ್, ಸುಮಾರು 44 ಜನರಿಗೆ ಅಂಡಾಶಯದ ಕ್ಯಾನ್ಸರ್ ಬರುತ್ತದೆ. ಇದು ತುಂಬಾ ಜಾಸ್ತಿ, ಆದರೂ ನೂರಕ್ಕೆ ನೂರಲ್ಲ. ಒಟ್ಟು ಸ್ತನ ಕ್ಯಾನ್ಸರ್‌ಗಳಲ್ಲಿ ಹೀಗೆ ಆನುವಂಶಿಕವಾಗಿ ಬರುವುದು ಶೇ. 5ರಿಂದ 10ರಷ್ಟು. ಹೆಚ್ಚಿನವರ ಮನೆಯಲ್ಲಿ ಹಿಂದೆ ಯಾರಿಗೂ ಬಂದಿರುವುದಿಲ್ಲ. ‘ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ’ ಎಂದು ಸ್ತನದ ಗಂಟನ್ನು ಕಡೆಗಣಿಸುವ ಓದುಗರಿಗೆ ಇದು ತಲುಪಬೇಕು.

ರಕ್ತಸಂಬಂಧದ ಮದುವೆಯಿಂದ ಈ ದೋಷ ಬರುತ್ತದೆ ಎಂದದ್ದೂ ತಪ್ಪು. ನಮ್ಮಲ್ಲಿ ಅಕ್ಕನ ಮಗಳನ್ನೋ ಸೋದರಮಾವನ ಮಗಳನ್ನೋ ತಂದುಕೊಳ್ಳುವ ಮನೆಗಳು ಇನ್ನೂ ಇವೆ. ಅಲ್ಲಿ ಜಾಸ್ತಿಯಾಗುವುದು ಥಲಸ್ಸೇಮಿಯಾ ಥರದ ಕಾಯಿಲೆಗಳ ಅಪಾಯ. ಅವುಗಳಿಗೆ ತಂದೆ, ತಾಯಿ ಇಬ್ಬರಿಂದಲೂ ದೋಷದ ಪ್ರತಿ ಬರಬೇಕು. ಬಿಆರ್‌ಸಿಎ1ನಲ್ಲಿ ಒಬ್ಬರಿಂದ ಬಂದರೂ ಅಪಾಯ ಏರುತ್ತದೆ. ಆ ಒಬ್ಬರು ಅಪ್ಪನೂ ಆಗಿರಬಹುದು. ಅವರಿಗೆ ಏನೂ ಆಗದೇ ಇದ್ದರೂ ಮಗನಿಗೋ ಮಗಳಿಗೋ ದೋಷ ದಾಟುವ ಸಾಧ್ಯತೆ ಅರ್ಧಕ್ಕರ್ಧ. ಆದ್ದರಿಂದ ಅಮ್ಮನ ಕಡೆ ಮಾತ್ರ ವಿಚಾರಿಸಿದರೆ ಸಾಲದು. ಅಪ್ಪನ ತಾಯಿ, ಸೋದರತ್ತೆಯರ ಬಗ್ಗೆಯೂ ಕೇಳಬೇಕು.

‘ಮದುವೆಗೆ ಮುಂಚೆ ಹೆಣ್ಣಿನ ಮನೆಯವರ ಕ್ಯಾನ್ಸರ್ ಚರಿತ್ರೆ ವಿಚಾರಿಸುವುದು ಜಾಣತನ’ ಎಂಬ ಸಾಲನ್ನು ನಾನು ಯಾವ ಕಾರಣಕ್ಕೂ ಹಾಕುವುದಿಲ್ಲ. ಗಂಡಿನಿಂದಲೂ ದೋಷ ಬರುತ್ತದೆ ಎಂದು ವಿಜ್ಞಾನ ಹೇಳುತ್ತಿರುವಾಗ ಹೆಣ್ಣನ್ನು ಮಾತ್ರ ಕಟಕಟೆಯಲ್ಲಿ ನಿಲ್ಲಿಸುವುದು ಅನ್ಯಾಯ. ಇಂಥ ಸಾಲು ಓದಿದ ಮನೆಯವರು ಕಾಯಿಲೆಯನ್ನೇ ಮುಚ್ಚಿಡುತ್ತಾರೆ. ಅದರಿಂದ ಆ ಮನೆಯ ಹೆಣ್ಣುಮಕ್ಕಳ ಜೀವಕ್ಕೇ ಅಪಾಯ.

‘ಎಲ್ಲರೂ ಪರೀಕ್ಷೆ ಮಾಡಿಸಿಕೊಳ್ಳಿ’ ಎಂಬುದರ ಬದಲು ಯಾರು, ಯಾವಾಗ ಎಂದು ಬರೆಯಿರಿ. ಸಾಮಾನ್ಯವಾಗಿ ಮನೆಯಲ್ಲಿ ಕ್ಯಾನ್ಸರ್ ಬಂದವರನ್ನೇ ಮೊದಲು ಪರೀಕ್ಷಿಸುತ್ತಾರೆ. ಅವರಲ್ಲಿ ದೋಷ ಸಿಕ್ಕರೆ ಉಳಿದವರಲ್ಲಿ ಅದನ್ನೇ ಹುಡುಕಬಹುದು. ಸಿಕ್ಕವರಿಗೆ ದಾರಿಗಳಿವೆ: ಎಂಆರ್‌ಐ ಸೇರಿ ಬೇಗನೆ ಶುರುವಾಗುವ ತಪಾಸಣೆ, ಬೇಕೆನಿಸಿದರೆ ಶಸ್ತ್ರಚಿಕಿತ್ಸೆ.

ಅರ್ಜೆಂಟೀನಾದ ಅಜ್ಜಿಯರು ಸರ್ವಾಧಿಕಾರದ ಕಾಲದಲ್ಲಿ ಕಳೆದುಹೋದ ಮೊಮ್ಮಕ್ಕಳನ್ನು ಹುಡುಕಲು 1984ರಿಂದ ಕಿಂಗ್ ನೆರವಾದದ್ದು ಬೇರೆಯೇ ಲೇಖನ. ಇಲ್ಲಿ ಒಂದು ಸಾಲಿನಲ್ಲಿ ತುರುಕಬೇಡಿ. ಅದನ್ನೂ ನನಗೇ ಕಳಿಸಿ.

ತಿದ್ದಿದ ಲೇಖನ 1,200 ಪದ ಮೀರದಿರಲಿ. ಕಳಿಸುವ ಮುಂಚೆ ಒಬ್ಬ ಕ್ಯಾನ್ಸರ್ ವೈದ್ಯರ ಕೈಲಿ ಓದಿಸಿ, ಅವರು ಗುರುತು ಹಾಕಿದ ಪ್ರತಿಯನ್ನೂ ಜೊತೆಗೆ ಇಡಿ.

ನಿಮ್ಮ,
ಸಂಪಾದಕ