ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾ ಮೊದಲು ಹಳ್ಳಿಯ ಸಣ್ಣ ಪ್ರಾರ್ಥನಾಲಯವಾಗಿತ್ತೇ?

ಹೌದು. ಈಗ ಬಸ್ ನಿಲ್ದಾಣದ ಗದ್ದಲವಿರುವ ಜಾಗ ಆಗ ಭತ್ತದ ಗದ್ದೆಗಳಿದ್ದ ಹಳ್ಳಿ. 'ಬಿಳಿ ಅಕ್ಕಿ ಪಳ್ಳಿ' ಎಂಬ ಹೆಸರೇ ಇಂಗ್ಲಿಷರ ಬಾಯಲ್ಲಿ 'ಬ್ಲ್ಯಾಕ್‌ಪಳ್ಳಿ' ಆಯಿತು ಎನ್ನುತ್ತಾರೆ. ತಮಿಳುನಾಡಿನ ಜಿಂಜಿಯಿಂದ ವಲಸೆ ಬಂದ ಕ್ರೈಸ್ತರು ಇಲ್ಲಿ ನೆಲೆಸಿದ್ದರು. ಅವರಿಗಾಗಿ 19ನೇ ಶತಮಾನದ ಆರಂಭದಲ್ಲಿ ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ ಕಟ್ಟಿಸಿದ ಪುಟ್ಟ ಪ್ರಾರ್ಥನಾಲಯಕ್ಕೆ 'ಕಾಣಿಕೆ ಮಾತೆ'ಯ ಹೆಸರಿತ್ತು. ಕಾಣಿಕೆ, ಹರಕೆ ಎಂಬ ನಮ್ಮ ಮಾತುಗಳಲ್ಲೇ ಭಕ್ತಿ ಬೇರೂರಿದ್ದು ಬಹಳ ಮುಖ್ಯ. ಮಾತೆಗೆ ಸೀರೆ ಉಡಿಸುವುದು ಇಂದಿಗೂ ನಡೆದಿದೆ. ಈಗಿನ ಗೋಥಿಕ್ ಕಟ್ಟಡ ಪವಿತ್ರೀಕರಣಗೊಂಡದ್ದು 1882ರ ಸೆಪ್ಟೆಂಬರ್ 8ರಂದು, ಪೋಪ್ ಕೆಲವೇ ಚರ್ಚುಗಳಿಗೆ ಕೊಡುವ ಗೌರವವಾದ ಬೆಸಿಲಿಕಾ ಪದವಿ ಸಿಕ್ಕಿದ್ದು 1973ರಲ್ಲಿ.

ಹರಕೆಗೆ ಹೋಗುವುದಾದರೆ ಆಗಸ್ಟ್ 29ರ ಧ್ವಜಾರೋಹಣದ ನಂತರದ ನೊವೆನಾ (ಒಂಬತ್ತು ದಿನಗಳ ಪ್ರಾರ್ಥನೆ) ದಿನಗಳೇ ಉತ್ತಮ. ಮಾತೆಯ ಹಬ್ಬವಾದ ಸೆಪ್ಟೆಂಬರ್ 8ರ ಸಂಜೆ ತೇರು ಹೊರಡುವುದರಿಂದ ಸುತ್ತಲಿನ ರಸ್ತೆಗಳಲ್ಲಿ ವಾಹನ ಸಾಗುವುದಿಲ್ಲ. ಬಸ್ಸಿನಲ್ಲಿ ಬಂದು ನಡೆಯಿರಿ.