ಕೆಲಸದಲ್ಲಿ ಆದ ನೋವು ಅಂದರೆ ಕ್ಲಿನಿಕ್‌ನವರು ಯಾಕೆ ಬೇಡ ಅಂತಾರೆ?

ತಮ್ಮಾ, ಕ್ಯಾಲಿಫೋರ್ನಿಯಾಗೆ ಬಂದ ಹೊಸದರಲ್ಲೇ ಗೋಡೌನಿನಲ್ಲಿ ಪೆಟ್ಟಿಗೆ ಎತ್ತುವಾಗ ಸೊಂಟ ಹಿಡಿದುಕೊಂಡಿತು ಅಂತ ಬರೆದಿದ್ದೀಯ. ಕೆಲಸದಲ್ಲಿ ಆದದ್ದು ಅಂದ ಕೂಡಲೇ ಕ್ಲಿನಿಕ್‌ನವರು ಅಂಥ ಕೇಸ್ ನೋಡಲ್ಲ ಅಂದರು. ಮನೇಲಿ ಬಿದ್ದೆ ಅಂತ ಹೇಳಿ ಸ್ವಂತ ಇನ್ಶೂರೆನ್ಸ್ ಕಾರ್ಡ್ ತೋರಿಸಲಾ ಅಂತ ಕೇಳಿದ್ದೀಯ.

ಬೇಡಪ್ಪ. ನಾನು ಚಿಂತಾಮಣಿಯವಳು. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ಫಿಸಿಯೋಥೆರಪಿ ಕ್ಲಿನಿಕ್‌ನಲ್ಲಿ ಬಿಲ್ಲಿಂಗ್ ನೋಡಿಕೊಳ್ಳುತ್ತೇನೆ. ಅವರು ಬೇಡ ಅಂದದ್ದು ನಿನ್ನನ್ನಲ್ಲ, ಆ ಬಿಲ್ಲನ್ನು.

ನರಸಾಪುರದ ಫ್ಯಾಕ್ಟರಿಯಲ್ಲಿ ನಿನ್ನ ಸಂಬಳದಿಂದ ಇಎಸ್‌ಐಗೆ 0.75% ಹಿಡಿಯುತ್ತಿದ್ದರು, ಕಂಪನಿ 3.25% ಕಟ್ಟುತ್ತಿತ್ತು, ಅಲ್ವಾ? ಜ್ವರಕ್ಕೂ ಪೆಟ್ಟಿಗೂ ಅದೇ ಕಾರ್ಡ್. ಇಲ್ಲಿ ಹಾಗಲ್ಲ. ಕೆಲಸದಲ್ಲಾದ ಗಾಯಕ್ಕೆ ವರ್ಕರ್ಸ್ ಕಾಂಪ್ ಅಂತ ಬೇರೆ ಇನ್ಶೂರೆನ್ಸ್, ಪೂರ್ತಿ ಕಂಪನಿಯ ದುಡ್ಡು.

ಡಾಕ್ಟರಿಗೆ ಎಷ್ಟು ಕೊಡಬೇಕು ಅನ್ನೋದನ್ನು ರಾಜ್ಯವೇ ಗೊತ್ತು ಮಾಡುತ್ತದೆ. 2014ರಿಂದ ಅದಕ್ಕೆ ವಯಸ್ಸಾದವರ ಸರ್ಕಾರಿ ಇನ್ಶೂರೆನ್ಸ್ ಮೆಡಿಕೇರ್‌ನ ಲೆಕ್ಕವೇ ಆಧಾರ. ಮೆಡಿಕೇರ್ ಕೊಡೋದಕ್ಕಿಂತ ಹೆಚ್ಚೇ ಸಿಗುತ್ತೆ. ಕೇಳೋಕೆ ಚೆನ್ನಾಗಿದೆ. ಆದರೆ ಇನ್ಶೂರೆನ್ಸ್‌ನವರು ನೆಟ್‌ವರ್ಕ್‌ಗೆ, ಅಂದರೆ ತಮ್ಮ ಡಾಕ್ಟರ ಪಟ್ಟಿಗೆ, ಸೇರಿಸಿಕೊಳ್ಳುವಾಗ ಎಷ್ಟೋ ಸಲ ಅದರಲ್ಲೂ ಕಡಿತ ಮಾಡುತ್ತಾರೆ. ಮೇಲೆ ಕಾಗದದ ಕೆಲಸ: ಮೊದಲ ವರದಿ ಐದು ದಿನದೊಳಗೆ, ಆಮೇಲೆ 45 ದಿನಕ್ಕೊಮ್ಮೆ ಇನ್ನೊಂದು, ಎಷ್ಟೋ ಚಿಕಿತ್ಸೆಗೆ ಮೊದಲೇ ಒಪ್ಪಿಗೆ. ದುಡ್ಡು ಕಡಿಮೆ ಬಂದರೆ ಇನ್ಶೂರೆನ್ಸ್ ಕಂಪನಿಗೆ ಮತ್ತೆ ಬರೆಯಬೇಕು. ಅದಕ್ಕೂ ಬಗ್ಗದಿದ್ದರೆ ಹೊರಗಿನವರಿಂದ ಬಿಲ್ ಪರಿಶೀಲನೆ ಕೇಳಬಹುದು, ಅದಕ್ಕೆ ಮೊದಲು ಕ್ಲಿನಿಕ್ಕೇ ಫೀಸ್ ಕಟ್ಟಬೇಕು. ಗೆದ್ದರೆ ವಾಪಸ್. ಸಣ್ಣ ಬಾಕಿಗೆ ಯಾರು ಇಷ್ಟೆಲ್ಲ ಓಡಾಡುತ್ತಾರೆ? ಸುಮ್ನೆ ಬಿಟ್ಟುಬಿಡುತ್ತಾರೆ, ಮುಂದಿನ ಸಲ ಕೇಸೇ ತಗೊಳ್ಳಲ್ಲ.

ಕೈ ಬಿಚ್ಚಿ ಕೊಟ್ಟರೂ ಕಷ್ಟವೇ. ವಾಸಿಯಾದವರನ್ನೂ ಮತ್ತೆ ಮತ್ತೆ ಕರೆಸುವ ನಮ್ಮಂಥ ಕ್ಲಿನಿಕ್‌ಗಳೂ ಇವೆ. ಒಂದು ಗಾಯಕ್ಕೆ 24 ಸಲದ ಫಿಸಿಯೋಥೆರಪಿ ಅಂತ ಮಿತಿ ಇಟ್ಟಿರೋದು ಅದಕ್ಕೇ. ಆದರೂ ಡಾಕ್ಟರ ಫೀಸ್ ಹಿಂಡಿ ಉಳಿಸುವುದು ನನಗೆ ಲೆಕ್ಕವಾಗಿ ಕಾಣಲ್ಲ. ಡಾಕ್ಟರು ಸಿಗದೆ ನೀನು ಮನೇಲಿ ಕೂತ ದಿನಗಳಿಗೆ ಸಂಬಳದ ಸುಮಾರು ಮೂರನೇ ಎರಡು ಭಾಗ ಕೊಡಬೇಕಾದದ್ದು ಅದೇ ಇನ್ಶೂರೆನ್ಸ್!

ಸುಳ್ಳು ಹೇಳಿದರೆ ಏನಾಗುತ್ತೆ? ಗೊತ್ತಾದ ದಿನ ಸ್ವಂತ ಇನ್ಶೂರೆನ್ಸ್‌ನವರು ಬಿಲ್ ವಾಪಸ್ ಹಾಕಬಹುದು. ಆಮೇಲೆ ಕೆಲಸದಲ್ಲೇ ಆದದ್ದು ಅಂದರೆ, ಮನೇಲಿ ಬಿದ್ದೆ ಅಂತ ನಿನ್ನ ಫೈಲೇ ಹೇಳುತ್ತಿರುತ್ತೆ.

ಇವತ್ತೇ ಸೂಪರ್‌ವೈಸರ್‌ಗೆ ಬರವಣಿಗೆಯಲ್ಲಿ ತಿಳಿಸು. 30 ದಿನ ದಾಟಿಸಬೇಡ. ಕ್ಲೇಮ್ ಹಾಕುವ ಡಿಡಬ್ಲ್ಯುಸಿ-1 ಫಾರ್ಮ್ ಕೇಳು. ವಿಷಯ ಗೊತ್ತಾದ ಒಂದು ಕೆಲಸದ ದಿನದೊಳಗೆ ಕಂಪನಿಯವರು ಅದನ್ನು ಕೊಡಲೇಬೇಕು. ಅದನ್ನು ತುಂಬಿ ಕೊಟ್ಟ ಮೇಲೆ, ಕ್ಲೇಮ್ ಒಪ್ಪುವ ಅಥವಾ ತಳ್ಳುವ ತನಕ 10,000 ಡಾಲರ್‌ವರೆಗಿನ ಚಿಕಿತ್ಸೆಗೆ ಅವರೇ ಕೊಡಬೇಕು. ಕ್ಲೇಮ್ ಹಾಕಿದ ಅಂತ ಕೆಲಸದಿಂದ ತೆಗೆಯೋದು ಇಲ್ಲಿ ಕಾನೂನಿಗೆ ವಿರುದ್ಧ.

ಜೊತೆಗೆ ಅವರ ನೆಟ್‌ವರ್ಕ್ ಡಾಕ್ಟರ ಪಟ್ಟಿಯನ್ನೂ ಇಸ್ಕೋ. ಫೋನ್ ಮಾಡಿದಾಗ ನೋವಿನ ಕಥೆ ಆಮೇಲೆ ಹೇಳು, ಮೊದಲು "ಹೊಸ ವರ್ಕರ್ಸ್ ಕಾಂಪ್ ಪೇಷಂಟ್ ತಗೊಳ್ತಿದ್ದೀರಾ?" ಅಂತ ಕೇಳು. ಪಟ್ಟಿಯಲ್ಲಿ ಹೆಸರಿದ್ದೂ ಇಲ್ಲ ಅನ್ನೋರು ಇರ್ತಾರೆ.