ನಿಮ್ಮ ಪ್ರಶ್ನೆ: ಸಾವಿರ ರೂಪಾಯಿಯ ಹೆಡ್‌ಫೋನ್

ಎರಡು ತಿಂಗಳ ಹಿಂದೆ ಇದೇ ಪುಟದಲ್ಲಿ, ಮನೆಯ ಹಿರಿಯರ ಹಾಡುಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುವ ಬಗ್ಗೆ ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಡ್‌ಫೋನ್ ಬಗ್ಗೆಯೇ ಇವೆ. ನಾನು ಅಂಗಡಿಯವಳಲ್ಲ, ಎಂಜಿನಿಯರೂ ಅಲ್ಲ. ಕಲಬುರಗಿ ಸುತ್ತಲಿನ ಊರುಗಳ ತತ್ವಪದ, ಬೀಸುವ ಪದ, ಸೋಬಾನ ಪದಗಳ ರೆಕಾರ್ಡಿಂಗ್ ಕೇಳಿ ಅಕ್ಷರಕ್ಕೆ ಇಳಿಸುವುದು ಹನ್ನೆರಡು ವರ್ಷದಿಂದ ನನ್ನ ಕೆಲಸ. ದಿನಕ್ಕೆ ನಾಲ್ಕೈದು ತಾಸು ಹೆಡ್‌ಫೋನ್ ತಲೆಯ ಮೇಲಿರುತ್ತದೆ. ಅಷ್ಟು ವರ್ಷ ಕೇಳಿ ಕಲಿತದ್ದನ್ನು ಹೇಳುತ್ತೇನೆ.

ಪ್ರಶ್ನೆ: ಅಕ್ಕಾ, ನಮ್ಮೂರು ಯಾದಗಿರಿ. ಕಲಬುರಗಿಯಲ್ಲಿ ಮೂವರು ಗೆಳತಿಯರು ರೂಮ್ ಮಾಡಿಕೊಂಡು ಪಿಡಿಒ ಪರೀಕ್ಷೆಗೆ ಓದುತ್ತಿದ್ದೇವೆ. ದಿನಾ ನಾಲ್ಕು ತಾಸು ಫೋನಿನಲ್ಲಿ ಪಾಠ ಕೇಳಬೇಕು. ಕಿವಿಯೊಳಗೆ ತುರುಕುವ ಇಯರ್‌ಫೋನ್ ಹಾಕಿದರೆ ನೋವು ಬರುತ್ತದೆ. ಸೋನಿ ಝಡ್‌ಎಕ್ಸ್110 ತಗೋ ಅಂತ ಅಣ್ಣ ಹೇಳಿದ. ಸಾವಿರ ರೂಪಾಯಿಯೊಳಗೆ ಅದು ಆಗುತ್ತದಾ?

ಉತ್ತರ: ಆಗುತ್ತದೆ ತಂಗಿ. ಮೂರು ವರ್ಷದಿಂದ ನನ್ನ ಮೇಜಿನ ಮೇಲಿರುವುದೂ ಅದೇ. ನಾನು ಕೊಂಡಾಗ ಸಾವಿರದೊಳಗೇ ಇತ್ತು.

ಮೊದಲು ಅದರ ಲೆಕ್ಕ ಹೇಳಿಬಿಡುತ್ತೇನೆ. ತೂಕ ಸುಮಾರು 120 ಗ್ರಾಂ. ಒಳಗೆ 30 ಮಿಲಿಮೀಟರಿನ ಸ್ಪೀಕರ್. ವಿದ್ಯುತ್ತಿಗೆ ಅದು ಒಡ್ಡುವ ತಡೆ ಬರೀ 24 ಓಮ್ ಇರುವುದರಿಂದ ಸಾದಾ ಫೋನಿನಲ್ಲೂ ಬೇಕಾದಷ್ಟು ದನಿ ಬರುತ್ತದೆ. ವೈರು 1.2 ಮೀಟರ್. ಬಟ್ಟಲುಗಳು ಚಪ್ಪಟೆಯಾಗಿ ತಿರುಗುತ್ತವೆ, ಹಾಗಾಗಿ ನೋಟ್‌ಬುಕ್ ನಡುವೆ ಇಟ್ಟು ಚೀಲಕ್ಕೆ ಹಾಕಬಹುದು. ಸಾದಾ 110ರಲ್ಲಿ ಮೈಕ್ ಇಲ್ಲ. ಮಾತಾಡಲೂ ಬೇಕು ಅಂದರೆ ಹೆಸರಿನ ಕೊನೆಗೆ ಎಪಿ ಅಂತ ಇರುವುದನ್ನು ಕೇಳು.

ಇದನ್ನು ಹಾಡು ಕೇಳುವವರಿಗೆ ಅಂತ ಮಾಡಿದ್ದಾರೆ, ತಗ್ಗಿನ ದನಿಗೆ, ಅಂದರೆ ಬೇಸ್‌ಗೆ, ತುಸು ತೂಕ ಇದೆ. ಪಾಠ ಕೇಳುವಾಗ ಫೋನಿನಲ್ಲಿ ತಗ್ಗಿನ, ಮೇಲಿನ ದನಿಗಳನ್ನು ಬೇರೆ ಬೇರೆಯಾಗಿ ಏರಿಳಿಸುವ ಈಕ್ವಲೈಜರ್ ತೆರೆದು ಎಡಗಡೆಯ ಒಂದೆರಡು ಗುಂಡಿಗಳನ್ನು ಸ್ವಲ್ಪ ಕೆಳಗಿಳಿಸು. ಮಾಸ್ತರರ ಮಾತು ಬಿಡಿಬಿಡಿಯಾಗಿ ಕೇಳುತ್ತದೆ.

ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ನನ್ನ ಹತ್ತಿರ ಹಿಂದೆ ಇನ್ನೊಂದು ಹೆಡ್‌ಫೋನ್ ಇತ್ತು. ಡಬ್ಬಿಯ ಮೇಲೆ ದೊಡ್ಡದಾಗಿ ಬೇಸ್ ಬೇಸ್ ಅಂತ ಬರೆದಿತ್ತು. ಚಿತ್ತಾಪುರ ಕಡೆಯ ಒಬ್ಬ ಆಯಿ ಹಾಡಿದ ಬೀಸುವ ಪದವನ್ನು ಅದರಲ್ಲೇ ಕೇಳಿ ಬರೆದಿದ್ದೆ. ಹಾಡಿನ ಹಿಂದೆ ಬೀಸುಕಲ್ಲಿನ ಗರಗರ ಸದ್ದು. ಆ ಗರಗರವನ್ನೇ ಆ ಹೆಡ್‌ಫೋನ್ ಎತ್ತಿ ಎತ್ತಿ ಕೊಡುತ್ತಿತ್ತು. ಬರೆದದ್ದನ್ನು ಓದಿ ತೋರಿಸಲು ಆಯಿಯ ಮನೆಗೆ ಹೋದೆ. ಎರಡನೇ ಸಾಲಿಗೇ ಅವರು ಕೈ ಎತ್ತಿ ತಡೆದರು. ‘ಅಕ್ಕೋರೆ, ಹಾಲೂರಲ್ರೀ. ಹಾಳೂರು. ಮಂದಿ ಇಲ್ಲದ ಊರು.’

ತವರಿನಲ್ಲಿ ಯಾರೂ ಉಳಿದಿಲ್ಲ ಅಂತ ಅಳುವ ಪದ ಅದು. ನಾನು ಅದನ್ನು ಹಾಲಿನ ಊರು ಮಾಡಿ ಇಟ್ಟಿದ್ದೆ. ಅಂದು ರಾತ್ರಿ ಅಷ್ಟೂ ಹಾಡುಗಳನ್ನು ಮತ್ತೆ ಮೊದಲಿನಿಂದ ಕೇಳಲು ಕುಳಿತೆ.

ತಗ್ಗಿನ ದನಿ ಜೋರಾದರೆ ಅದರ ಮೇಲಿನ ಸಣ್ಣ ದನಿಗಳನ್ನು ಮುಚ್ಚಿಬಿಡುತ್ತದೆ. ನಮ್ಮ ಕಿವಿಯ ಗುಣವೇ ಅದು. ಲ, ಳ, ಸ, ಶ ಇವುಗಳ ಗುರುತು ಇರುವುದು ಮೇಲಿನ ಆ ಸಣ್ಣ ದನಿಗಳಲ್ಲಿ. ಪಾಠ ಕೇಳುವವರಿಗೂ ಇದೇ ಮಾತು. ‘ಕಲಂ’ ಎಷ್ಟನೆಯದು, ಇಸವಿ ಯಾವುದು ಅಂತ ಹಿಂದೆ ಹಿಂದೆ ಹೋಗಿ ಕೇಳುವ ಹಾಗಾದರೆ ತಪ್ಪು ನಿನ್ನ ಗಮನದ್ದೇ ಆಗಿರಬೇಕಿಲ್ಲ. ಹೆಡ್‌ಫೋನ್ ಚೆನ್ನಾಗಿದೆಯೋ ಇಲ್ಲವೋ ನೋಡಲು ನಾನು ಒಂದೇ ಪರೀಕ್ಷೆ ಮಾಡುತ್ತೇನೆ. ದನಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತೇನೆ. ಆಗಲೂ ಅಕ್ಷರ ಅಕ್ಷರವಾಗಿ ಕೇಳಿದರೆ ಅದು ಒಳ್ಳೆಯದು. ಜೋರಾಗಿಟ್ಟರೆ ಎಲ್ಲವೂ ಚೆನ್ನಾಗಿಯೇ ಕೇಳುತ್ತವೆ.

ಕೊಳ್ಳಲು ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಗೆ ಹೋಗುವಾಗ ನೀನು ದಿನಾ ಕೇಳುವ ಪಾಠವನ್ನೇ ಫೋನಿನಲ್ಲಿ ಇಟ್ಟುಕೊಂಡು ಹೋಗು. ಅಂಗಡಿಯವರು ಹಚ್ಚುವ ಸಿನಿಮಾ ಹಾಡಿನಲ್ಲಿ ಏನೂ ತಿಳಿಯುವುದಿಲ್ಲ. ಹತ್ತು ನಿಮಿಷ ತಲೆಗೆ ಹಾಕಿಕೊಂಡೇ ನಿಲ್ಲು. ಸಂಕೋಚ ಬೇಡ, ದುಡ್ಡು ಕೊಡುವವಳು ನೀನು. ಕನ್ನಡಕ ಇದ್ದರೆ ಹಾಕಿಕೊಂಡೇ ನೋಡು. ಓಲೆ ಇದ್ದರೆ ತೆಗೆಯದೆ ನೋಡು. ಕಿವಿಯ ಮೇಲೆ ಕೂರುವ ಯಾವ ಹೆಡ್‌ಫೋನಾದರೂ ಓಲೆಯ ತಿರುಪನ್ನು ಹಿಂದಕ್ಕೆ ಒತ್ತುತ್ತದೆ. ಅರ್ಧ ತಾಸಿಗೆ ಕಿವಿಯ ಹಿಂದೆ ಕೆಂಪಾಗುತ್ತದೆ. ಈ ವಿಷಯ ಯಾವ ಡಬ್ಬಿಯ ಮೇಲೂ ಬರೆದಿರುವುದಿಲ್ಲ. ನಾನು ಕೆಲಸಕ್ಕೆ ಕೂರುವ ಮುಂಚೆ ಓಲೆ ತೆಗೆದು ಚಿಕ್ಕ ಡಬ್ಬಿಯಲ್ಲಿ ಇಡುತ್ತೇನೆ.

ಇನ್ನು ನಮ್ಮ ಬೇಸಿಗೆ. ಮೇ ತಿಂಗಳಲ್ಲಿ ಕಲಬುರಗಿ 42 ಡಿಗ್ರಿ ದಾಟುವುದು ಹೊಸದಲ್ಲ. ಆ ಸೆಕೆಯಲ್ಲಿ ರೆಕ್ಸಿನ್ ದಿಂಬು ಕಿವಿಗೆ ಅಂಟುತ್ತದೆ. ಬೆವರು ಕುಡಿದು ಕುಡಿದು ಆ ರೆಕ್ಸಿನ್ ಒಂದೆರಡು ವರ್ಷಕ್ಕೆ ಕಪ್ಪು ಹೊಟ್ಟಿನ ಹಾಗೆ ಉದುರಲು ಶುರುವಾಗುತ್ತದೆ. ನನ್ನ ಹಳೆಯದು ಹಾಗೇ ಹಾಳಾಯಿತು. ಬೆಳಿಗ್ಗೆ ಎದ್ದರೆ ಕೆನ್ನೆ ಮೇಲೆ ಕಪ್ಪು ಚೂರುಗಳು.

ಹೊಸದು ತಂದ ದಿನವೇ ಅವ್ವನ ಹಳೆಯ ಹತ್ತಿ ಸೀರೆಯಿಂದ ಗವಸು ಹೊಲಿದೆ. ದಿಂಬಿಗಿಂತ ಎರಡು ಬೆರಳು ದೊಡ್ಡದಾಗಿ ದುಂಡಗೆ ಬಟ್ಟೆ ಕತ್ತರಿಸು. ಅಂಚು ಮಡಚಿ ಹೊಲಿ, ಒಳಗೆ ಸಣ್ಣ ಇಲಾಸ್ಟಿಕ್ ಎಳೆ. ಅಡುಗೆಮನೆಯಲ್ಲಿ ಡಬ್ಬಿಯ ಬಾಯಿಗೆ ಕಟ್ಟುವ ಬಟ್ಟೆ ಇರುತ್ತದಲ್ವಾ, ಅದೇ ರೀತಿ. ನಾಲ್ಕು ಜೊತೆ ಮಾಡಿಟ್ಟುಕೊಂಡಿದ್ದೇನೆ, ಎರಡು ದಿನಕ್ಕೊಮ್ಮೆ ಬದಲಿಸಿ ಒಗೆದು ಹಾಕುತ್ತೇನೆ. ತುಂಬಾ ಒಗೆದು ಮೆತ್ತಗಾದ, ತೆಳುವಾದ ಸೀರೆಯೇ ಬೇಕು. ದಪ್ಪ ಬಟ್ಟೆ ಹಾಕಿದರೆ ದನಿ ಮಂಕಾಗುತ್ತದೆ. ತೆಳು ಬಟ್ಟೆಯ ಸಂದಿಯಿಂದ ಬೇಸ್ ಸ್ವಲ್ಪ ಸೋರಿಹೋಗುತ್ತದೆ. ಪಾಠಕ್ಕೆ ಅದೂ ಒಳ್ಳೆಯದೇ.

ಸೆಕೆಗೆ ಇನ್ನೊಂದು ದಾರಿ ತೆರೆದ ಬಗೆಯ ಹೆಡ್‌ಫೋನ್. ಅಕ್ಕನ ಮಗ ಬೆಂಗಳೂರಿನಿಂದ ಕಾಸ್ ಕಂಪನಿಯ ಪೋರ್ಟಾ ಪ್ರೊ ತಂದಿದ್ದ. ಅಮೆರಿಕದ ಕಂಪನಿ. 1984ರಲ್ಲಿ ಬಂದ ವಿನ್ಯಾಸ, ಇವತ್ತಿಗೂ ಹೆಚ್ಚುಕಡಿಮೆ ಅದೇ ರೂಪದಲ್ಲಿ ಮಾರುತ್ತಾರೆ. ಕಿವಿಗೆ ಬರೀ ಸ್ಪಂಜು ತಾಗುತ್ತದೆ, ಗಾಳಿ ಆಡುತ್ತದೆ, ಮಡಚಿದರೆ ಮುಷ್ಟಿಯಷ್ಟಾಗುತ್ತದೆ. ಎಷ್ಟು ಹಗುರ ಅಂದರೆ ಹಾಕಿಕೊಂಡೇ ಚಹಾ ಮಾಡಲು ಎದ್ದು ಹೋಗಿದ್ದೆ, ವೈರು ಎಳೆದಾಗ ನೆನಪಾಯಿತು. ಆದರೆ ಬೆಲೆ ನಿನ್ನ ಸಾವಿರವನ್ನು ದಾಟುತ್ತದೆ. ಮತ್ತೆ, ತೆರೆದ ಹೆಡ್‌ಫೋನಿನ ದನಿ ಹೊರಗೂ ಕೇಳುತ್ತದೆ. ಒಂದೇ ರೂಮಿನಲ್ಲಿ ಮೂವರು ಓದುವಾಗ ನಿನ್ನ ಪಾಠ ಗೆಳತಿಯರಿಗೂ ಬೀಳುತ್ತದೆ. ನಿನಗೆ ಮುಚ್ಚಿದ ಬಗೆಯದೇ ಸರಿ.

ನಿನ್ನ ಫೋನಿಗೆ ದುಂಡನೆಯ ಹೆಡ್‌ಫೋನ್ ತೂತು ಇದೆಯಾ, ಅದನ್ನು ಬರೆದಿಲ್ಲ. ಇಲ್ಲದಿದ್ದರೆ ಟೈಪ್-ಸಿ ಕನೆಕ್ಟರ್ ಬೇಕು. ತೀರಾ ಅಗ್ಗದ ಕನೆಕ್ಟರ್‌ನಲ್ಲಿ ಬರೀ ವೈರು ಇರುತ್ತದೆ, ಅದು ಎಲ್ಲಾ ಫೋನಿಗೂ ಆಗುವುದಿಲ್ಲ. ‘ಡಿಎಸಿ ಇರುವುದು ಕೊಡ್ರಿ’ ಅಂತ ಕೇಳು. ಫೋನಿನ ಡಿಜಿಟಲ್ ದನಿಯನ್ನು ಹೆಡ್‌ಫೋನಿಗೆ ಆಗುವ ಹಾಗೆ ಬದಲಿಸುವ ಚಿಪ್ ಅದು. ಅಂಗಡಿಯಲ್ಲೇ ನಿನ್ನ ಫೋನಿಗೆ ಹಾಕಿ ನೋಡಿ ತಗೋ.

ಪ್ರಶ್ನೆ: ದಿನಾ ಹುಮನಾಬಾದಿನಿಂದ ಬೀದರಿಗೆ ಬಸ್ಸಿನಲ್ಲಿ ಓಡಾಡುತ್ತೇನೆ. ‘ಇಎನ್‌ಸಿ ನಾಯ್ಸ್ ಕ್ಯಾನ್ಸಲಿಂಗ್’ ಅಂತ ಬರೆದ ಬ್ಲೂಟೂತ್ ಇಯರ್‌ಬಡ್ಸ್ ಒಂಬೈನೂರಕ್ಕೆ ಕೊಂಡೆ. ಬಸ್ಸಿನ ಸದ್ದು ಒಂಚೂರೂ ಕಡಿಮೆ ಆಗಿಲ್ಲ. ಮೋಸ ಹೋದೆನಾ?

ಉತ್ತರ: ಅಕ್ಷರದಲ್ಲಿ ಎಡವಿದ್ದೀರಿ ಅಣ್ಣಾ. ಇಎನ್‌ಸಿ ಕೆಲಸ ಮಾಡುವುದು ಮೈಕಿನ ಮೇಲೆ. ನೀವು ಕರೆಯಲ್ಲಿ ಮಾತಾಡುವಾಗ ಆಚೆ ಕಡೆಯವರಿಗೆ ಬಸ್ಸಿನ ಸದ್ದು ಕಡಿಮೆ ಕೇಳಲಿ ಅಂತ ಅದು ಇರುವುದು. ನಿಮ್ಮ ಕಿವಿಗೆ ಬರುವ ಸದ್ದು ಇಳಿಸುವುದು ಎಎನ್‌ಸಿ. ಡಬ್ಬಿಯ ಮೇಲೆ ಎರಡೂ ಒಂದೇ ತರಹ ಕಾಣುತ್ತವೆ. ಇದನ್ನು ಅಂಗಡಿಯವರು ಬಾಯಿಬಿಟ್ಟು ಹೇಳಬೇಕು ಅಂತ ನನಗೆ ಅನಿಸುತ್ತದೆ, ದುಡಿದ ದುಡ್ಡು ಅದು.

ಈಗ ಇರುವುದರಲ್ಲೇ ಒಂದು ಉಪಾಯ ನೋಡಿ. ಇಯರ್‌ಬಡ್ಸ್ ಜೊತೆ ಬೇರೆ ಬೇರೆ ಅಳತೆಯ ರಬ್ಬರ್ ಟೋಪಿಗಳನ್ನು ಕೊಟ್ಟಿರುತ್ತಾರೆ. ಬಹಳ ಜನ ಅವನ್ನು ಡಬ್ಬಿಯಿಂದ ತೆಗೆಯುವುದೇ ಇಲ್ಲ. ಒಂದೊಂದಾಗಿ ಹಾಕಿ, ಕಿವಿಗೆ ಸರಿಯಾಗಿ ಕೂರುವುದನ್ನು ಹುಡುಕಿ. ಎಡಕ್ಕೆ ಒಂದು ಅಳತೆ, ಬಲಕ್ಕೆ ಇನ್ನೊಂದು ಬೇಕಾಗಬಹುದು. ಸರಿಯಾಗಿ ಕೂತರೆ ಅಷ್ಟರಿಂದಲೇ ಸದ್ದು ಎಷ್ಟೋ ತಗ್ಗುತ್ತದೆ. ಬಸ್ಸಿನಿಂದ ಇಳಿದು ರಸ್ತೆ ದಾಟುವಾಗ ಮಾತ್ರ ತೆಗೆದುಬಿಡಿ.

ಪ್ರಶ್ನೆ: ಮಗ ಒಂಬತ್ತನೇ ತರಗತಿ. ಇಡೀ ಹೊತ್ತು ಹೆಡ್‌ಫೋನ್, ಅದೂ ಫುಲ್ ಸೌಂಡ್. ಮೂರು ಸಲ ಕೂಗಿದರೆ ಒಮ್ಮೆ ‘ಆಂ’ ಅನ್ನುತ್ತಾನೆ. ಬೈದರೆ ಕೇಳುವುದಿಲ್ಲ. ಏನು ಮಾಡಲಿ? (ಬೀದರ್)

ಉತ್ತರ: ಅಕ್ಕಾ, ಬೈಯುವ ಬದಲು ಲೆಕ್ಕ ತೋರಿಸಿ. ಒಂಬತ್ತನೇ ತರಗತಿಯ ಹುಡುಗನಿಗೆ ಲೆಕ್ಕ ತಿಳಿಯುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇಷ್ಟು. ದೊಡ್ಡವರು 80 ಡೆಸಿಬೆಲ್ ದನಿಯನ್ನು ವಾರಕ್ಕೆ 40 ತಾಸು ಕೇಳಬಹುದು. ಮಕ್ಕಳಾದರೆ 75 ಡೆಸಿಬೆಲ್ಲಿಗೇ 40 ತಾಸು. ಆಮೇಲೆ ಪ್ರತಿ 3 ಡೆಸಿಬೆಲ್ ಏರಿದರೆ ತಾಸು ಅರ್ಧಕ್ಕೆ ಇಳಿಯುತ್ತದೆ. ದೊಡ್ಡವರ ಲೆಕ್ಕದಲ್ಲೇ 83ಕ್ಕೆ 20 ತಾಸು. 90ಕ್ಕೆ ಬರೀ 4 ತಾಸು. 100 ಡೆಸಿಬೆಲ್ಲಿಗೆ ವಾರಕ್ಕೆ 20 ನಿಮಿಷ. ದಿನಕ್ಕಲ್ಲ, ವಾರಕ್ಕೆ. ಅವನ ಕೈಗೇ ಪೆನ್ಸಿಲ್ ಕೊಟ್ಟು, ತಾನು ಎಷ್ಟು ತಾಸು ಕೇಳುತ್ತೇನೆ ಅಂತ ಬರೆಯಲು ಹೇಳಿ.

ದಿನದ ಅಳತೆಗೆ, ಫೋನಿನ ದನಿ ನೂರಕ್ಕೆ 60 ದಾಟಬಾರದು ಅಂತ ಇಟ್ಟುಕೊಳ್ಳಿ. ಅದೂ ಅವರದೇ ಸಲಹೆ. ಮತ್ತೆ, ಅವನು ಕೂಲರ್ ಪಕ್ಕ ಕೂತು ಕೇಳುತ್ತಾನಾ ನೋಡಿ. ನಮ್ಮ ಕಡೆ ಬೇಸಿಗೆಯಲ್ಲಿ ಇದು ಎಲ್ಲರ ಮನೆಯ ಕಥೆ. ಕೂಲರ್ ಸದ್ದು ಮುಚ್ಚಲು ನಮಗೇ ಗೊತ್ತಿಲ್ಲದೆ ದನಿ ಏರಿಸುತ್ತೇವೆ. ಅವನನ್ನು ಕೂಲರಿನಿಂದ ನಾಲ್ಕು ಹೆಜ್ಜೆ ಆಚೆ ಕೂರಿಸಿದರೆ ದನಿ ತಾನಾಗಿ ಇಳಿಯಬಹುದು.

ಹೆಡ್‌ಫೋನ್ ತೆಗೆದ ಮೇಲೂ ಕಿವಿಯಲ್ಲಿ ಗುಂಯ್ ಅನ್ನುತ್ತದಾ ಅಂತ ಒಮ್ಮೆ ಮೆತ್ತಗೆ ಕೇಳಿ. ಹೌದು ಅಂದರೆ ತಡಮಾಡದೆ ಕಿವಿ ಡಾಕ್ಟರರಿಗೆ ತೋರಿಸಿ. ಒಳಗಿವಿಯಲ್ಲಿ ದನಿ ಹಿಡಿಯುವ ಕೂದಲಿನಂಥ ಸಣ್ಣ ಜೀವಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಪ್ರಶ್ನೆ: ಒಂದು ಕಡೆ ದನಿ ಬರುತ್ತಿಲ್ಲ. ವೈರು ತಿರುಚಿದರೆ ಬರುತ್ತದೆ. ಎಸೆಯಬೇಕಾ? (ಸೇಡಂ)

ಉತ್ತರ: ಎಸೆಯಬೇಡಿ. ಮೊದಲು ಬೇರೆ ಫೋನಿಗೆ ಹಾಕಿ ನೋಡಿ, ಎಷ್ಟೋ ಸಲ ಫೋನಿನ ತೂತಿನಲ್ಲಿ ಧೂಳು ಕೂತಿರುತ್ತದೆ. ಅಲ್ಲೂ ಹಾಗೇ ಇದ್ದರೆ ಬಹುಶಃ ಪಿನ್ನಿನ ಬುಡದಲ್ಲಿ ವೈರು ಒಳಗೇ ಮುರಿದಿರುತ್ತದೆ. ರೇಡಿಯೊ, ಟಿವಿ ರಿಪೇರಿ ಮಾಡುವವರು ಹೊಸ ಪಿನ್ ಬೆಸೆದು ಕೊಡುತ್ತಾರೆ, ಹೊಸ ಹೆಡ್‌ಫೋನಿಗಿಂತ ಎಷ್ಟೋ ಕಡಿಮೆಯಲ್ಲಿ ಮುಗಿಯುತ್ತದೆ. ನೀವೇ ಮಾಡುವುದಾದರೆ ಒಂದು ವಿಷಯ ನೆನಪಿಡಿ. ಆ ಕೂದಲೆಳೆಯ ತಂತಿಗೆ ಬಣ್ಣದ ಲೇಪ ಇರುತ್ತದೆ. ಕಾದ ಸೋಲ್ಡರಿಂಗ್ ಕಡ್ಡಿಯಿಂದ ತುದಿಯ ಲೇಪ ಸುಡದಿದ್ದರೆ ಬೆಸುಗೆ ಕಚ್ಚುವುದಿಲ್ಲ. ಸಾಮಾನ್ಯವಾಗಿ ಕೆಂಪು ಬಲಕ್ಕೆ, ಹಸಿರು ಅಥವಾ ನೀಲಿ ಎಡಕ್ಕೆ, ತಾಮ್ರದ ಬಣ್ಣದ್ದು ಅರ್ತ್. ಮುಂದೆ ಫೋನಿನಿಂದ ತೆಗೆಯುವಾಗ ವೈರು ಹಿಡಿದು ಎಳೆಯದೆ ಪಿನ್ ಹಿಡಿದು ಎಳೆಯಿರಿ.

ಪ್ರಶ್ನೆ: ತಾಯಿ, ನನಗೆ 68 ವರ್ಷ. ಶಹಾಬಾದಿನ ಕಲ್ಲಿನ ಖಣಿಯಲ್ಲಿ ಕೆಲಸ ಮಾಡಿದವನು. ಎಡಗಿವಿ ಹೋಗಿದೆ, ಬಲಗಿವಿ ಮಾತ್ರ ಕೇಳುತ್ತದೆ. ಮೊಮ್ಮಗಳು ಹೆಡ್‌ಫೋನ್ ಕೊಡಿಸಿದಳು. ಭಜನೆ ಹಚ್ಚಿದರೆ ಹಾಡು ಕೇಳುತ್ತದೆ, ಹಾರ್ಮೋನಿಯಂ ಕೇಳುವುದಿಲ್ಲ. ಅವಳಿಗೆ ಎಲ್ಲಾ ಕೇಳುತ್ತದಂತೆ. ಹೆಡ್‌ಫೋನ್ ಕೆಟ್ಟಿದೆಯಾ?

ಉತ್ತರ: ಇಲ್ಲ ಕಾಕಾ, ಕೆಟ್ಟಿಲ್ಲ. ನಿಮ್ಮ ಪತ್ರ ಓದಿ ನನಗೆ ತುಂಬಾ ಹೊತ್ತು ಬೇರೆ ಪತ್ರ ತೆಗೆಯಲು ಆಗಲಿಲ್ಲ.

ರೆಕಾರ್ಡ್ ಮಾಡುವಾಗ ಕೆಲವೊಮ್ಮೆ ಹಾಡುವವರ ದನಿಯನ್ನು ಒಂದು ಕಡೆಗೆ, ವಾದ್ಯವನ್ನು ಇನ್ನೊಂದು ಕಡೆಗೆ ಹಂಚಿರುತ್ತಾರೆ. ನಿಮ್ಮ ಭಜನೆಯಲ್ಲಿ ಹಾರ್ಮೋನಿಯಂ ಎಡಗಡೆಗೆ ಹೋಗಿದೆ. ಅಲ್ಲಿ ಅದು ನುಡಿಯುತ್ತಲೇ ಇದೆ, ಆದರೆ ಬರುವುದು ನಿಮಗೆ ಕೇಳದ ಕಿವಿಗೆ.

ಇದಕ್ಕೆ ದುಡ್ಡು ಖರ್ಚಿಲ್ಲ. ಮೊಮ್ಮಗಳಿಗೆ ಹೇಳಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಅಂತ ಇರುತ್ತದೆ. ಅದರೊಳಗೆ ಮೋನೋ ಆಡಿಯೋ ಅಂತ ಒಂದು ಗುಂಡಿ. ಅದನ್ನು ಆನ್ ಮಾಡಿದರೆ ಎರಡೂ ಕಡೆಯ ದನಿ ಕೂಡಿ ಎರಡೂ ಕಿವಿಗೆ ಒಂದೇ ಸಮ ಬರುತ್ತದೆ. ಬಲಗಿವಿಗೆ ಎಲ್ಲವೂ ಸಿಗುತ್ತದೆ. ಉಳಿದಿರುವುದು ಅದೊಂದೇ ಕಿವಿ, ಹಾಗಾಗಿ ದನಿ ಅರ್ಧ ದಾಟಿಸಬೇಡಿ ಕಾಕಾ.

ಗುಂಡಿ ಒತ್ತಿದ ಮೇಲೆ ಅದೇ ಭಜನೆಯನ್ನು ಮತ್ತೆ ಹಚ್ಚಿ. ಹಾರ್ಮೋನಿಯಂ ಬಂತಾ ಇಲ್ವಾ, ಒಂದು ಕಾರ್ಡು ಬರೆದು ತಿಳಿಸಿ.